ಸಬ್‌ಟೈಟಲ್‌ನಲ್ಲಿ ಕಾಣದ ಜಾತಿ

ಕೊರಿಯನ್ ಸೀರಿಯಲ್ ನೋಡಿ ಅಳುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿ.

‘ಮಿಸ್ಟರ್ ಸನ್‌ಶೈನ್’ ನಿಮ್ಮಲ್ಲಿ ಬಹಳ ಜನರಿಗೆ ಅಚ್ಚುಮೆಚ್ಚು. 2018ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂದ 24 ಕಂತುಗಳ ಪ್ರೇಮಕಥೆ. ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮೊಬೈಲಿಗೂ ಬಂತು. ನಾನೂ ನೋಡಿದೆ. ನಿಮಗೆ ಕಂಡಿದ್ದು ಪಲ್ಲಕ್ಕಿ, ಹಿಮ, ಬಂದೂಕು ಹಿಡಿದ ಚೆಲುವೆ. ನನಗೆ ಕಂಡಿದ್ದು ಜಾತಿ.

ಕಥೆ ನೂರು ವರ್ಷಕ್ಕೂ ಹಿಂದಿನ ಜೋಸನ್‌ನದು, ಅಂದರೆ ಹಳೇ ಕೊರಿಯಾದ್ದು. ನಾಯಕ ಯೂಜಿನ್ ಚೊಯ್ ನೊಬಿಗಳ ಮಗ. ನೊಬಿ ಅಂದರೆ ಒಡೆಯರ ಆಸ್ತಿಯಾಗಿದ್ದ ಜೀತದಾಳು. ಒಡೆಯರ ಅಂಗಳದಲ್ಲೇ ಅಪ್ಪ ಅಮ್ಮನನ್ನು ಕಳ್ಕೊಂಡು ಅಮೆರಿಕಕ್ಕೆ ಓಡಿಹೋಗ್ತಾನೆ. ಗೂ ದೊಂಗ್-ಮೆ ಬೆಕ್‌ಜೊಂಗ್ ಹುಡುಗ, ಅವನು ಜಪಾನಿಗೆ ಓಡ್ತಾನೆ. ಒಬ್ಬ ಅಮೆರಿಕದ ಸೇನಾಧಿಕಾರಿಯಾಗಿ, ಇನ್ನೊಬ್ಬ ಜಪಾನಿ ಕತ್ತಿ ಕಟ್ಕೊಂಡು ವಾಪಸ್ ಬಂದ ಮೇಲಷ್ಟೇ, ಮೇಲ್ಕುಲದ ಯಾಂಗ್‌ಬನ್ ಮನೆಯ ಗೋ ಏ-ಶಿನ್ ಎದುರು ತಲೆಯೆತ್ತಿ ನಿಲ್ಲೋಕಾಗೋದು. ಇಬ್ಬರೂ ಅವಳನ್ನು ಪ್ರೀತಿಸ್ತಾರೆ.

ಇಂಗ್ಲಿಷ್ ಸಬ್‌ಟೈಟಲ್ ದೊಂಗ್-ಮೆಯನ್ನು ‘ಬುಚರ್’ನ ಮಗ ಅನ್ನುತ್ತೆ. ಓದಿದವರಿಗೆ ಅದೊಂದು ಕಸುಬು. ಮಾಂಸದಂಗಡಿಯವನ ಮಗ, ಅದಕ್ಯಾಕೆ ಇಷ್ಟು ಗೋಳು ಅಂತ ಕೇಳ್ತಾರೆ. ಬೆಕ್‌ಜೊಂಗ್ ಅಂದ್ರೆ ಕಸುಬಲ್ಲ ಸ್ವಾಮಿ, ಹುಟ್ಟು. ದನ ಕಡಿಯೋದು, ಚರ್ಮ ಹದ ಮಾಡೋದು, ಬುಟ್ಟಿ ಹೆಣೆಯೋದು ಅವರ ಪಾಲಿಗೆ ಬಂದ ಕೆಲಸ. ವಾಸ ಊರಾಚೆ. ಬೇರೆಯವರ ಹಾಗೆ ಟೋಪಿ ಇಡೋ ಹಾಗಿಲ್ಲ, ರೇಷ್ಮೆ ಉಡೋ ಹಾಗಿಲ್ಲ. ಊರಿನ ಚಿಕ್ಕ ಮಕ್ಕಳಿಗೂ ತಗ್ಗಿ ಬಗ್ಗಿ ಮಾತಾಡ್ಬೇಕು.

ಕೊರಿಯನ್ ಭಾಷೆಯಲ್ಲೂ ನಮ್ಮ ‘ನೀನು’, ‘ನೀವು’ ಥರದ ಭೇದ ಇದೆ. ಇಂಗ್ಲಿಷಿನ ‘ಯೂ’ ಅದನ್ನು ನುಂಗಿಹಾಕುತ್ತೆ. ಆದರೆ ದೊಡ್ಡಮನೆಯ ಏಳು ವರ್ಷದ ಪೋರ ನನ್ನ ಅಜ್ಜನನ್ನು ‘ಬಾರ್ಲಾ ಇಲ್ಲಿ’ ಅಂತ ಕರೆಯೋದನ್ನ ಕೇಳಿ ಬೆಳೆದ ಕಿವಿ ಇದು. ಇದಕ್ಕೆ ಸಬ್‌ಟೈಟಲ್ ಬೇಕಿಲ್ಲ. ಆ ದೇಶಕ್ಕೆ ನಾನು ಪರದೇಶಿ. ಆ ಏಕವಚನಕ್ಕಲ್ಲ.

ಇದು ಬರೀ ಸೀರಿಯಲ್ಲಿನವರ ಕಲ್ಪನೆ ಅನ್ಕೋಬೇಡಿ. 1894ರಲ್ಲಿ ಕಾನೂನು ಈ ಮೇಲುಕೀಳನ್ನು ರದ್ದು ಮಾಡ್ತು. ಜನರ ಮನಸ್ಸು ಮಾಡಲಿಲ್ಲ. ಸೋಲ್ ನಗರದ ಬೆಕ್‌ಜೊಂಗ್ ಪಾಕ್ ಸಂಗ್-ಚುನ್ ಕ್ರೈಸ್ತರಾಗಿ ಚರ್ಚಿಗೆ ಬಂದಾಗ, ಅವರ ಜತೆ ಕೂರಲ್ಲ ಅಂತ ಯಾಂಗ್‌ಬನ್‌ಗಳು ಎದ್ದುಹೋಗಿ ಬೇರೆ ಚರ್ಚು ಮಾಡ್ಕೊಂಡರು. ಅದೇ ಪಾಕ್ 1898ರಲ್ಲಿ ಸೋಲ್‌ನ ಬಹಿರಂಗ ಸಭೆಯಲ್ಲಿ ಎದ್ದುನಿಂತು ಭಾಷಣ ಮಾಡಿದರು. ಅವರ ಮಗ 1908ರಲ್ಲಿ ಡಾಕ್ಟರಾದರು. 1923ರಲ್ಲಿ ಜಿಂಜು ಪಟ್ಟಣದಲ್ಲಿ ಬೆಕ್‌ಜೊಂಗರ ಬಿಡುಗಡೆಗಾಗಿ ಹ್ಯಂಗ್‌ಪ್ಯಂಗ್‌ಸಾ ಅನ್ನೋ ಸಂಘಟನೆ ಹುಟ್ಟಿತು. ಆ ಹೆಸರಲ್ಲೇ ತಕ್ಕಡಿ ಇದೆ, ಸಮನಾಗಿ ತೂಗುವ ತಕ್ಕಡಿ. ನಾಲ್ಕೇ ವರ್ಷದಲ್ಲಿ, 1927ರಲ್ಲಿ, ಇಲ್ಲಿ ಬಾಬಾಸಾಹೇಬರು ಮಹಾಡ್‌ನ ಕೆರೆಗಿಳಿದು ನೀರು ಕುಡಿದರು.

ಏ-ಶಿನ್ ದೇಶ ಉಳಿಸೋಕೆ ಬಂದೂಕು ಹಿಡಿದವಳು. ಅವಳು ಉಳಿಸಹೊರಟ ಜೋಸನ್‌ನಲ್ಲಿ ಬೆಕ್‌ಜೊಂಗ್‌ಗೆ, ನೊಬಿಗೆ ಬದುಕೋಕೆ ಜಾಗ ಇದೆಯಾ ಅಂತ ಯೂಜಿನ್ ಕೇಳ್ತಾನೆ. ಆ ಗಳಿಗೆಯಲ್ಲಿ ಅವಳ ಬಳಿ ಉತ್ತರ ಇಲ್ಲ. 1931ರಲ್ಲಿ ಬಾಬಾಸಾಹೇಬರು ಗಾಂಧಿಯವರ ಮುಖಕ್ಕೇ ತನಗೆ ತಾಯ್ನಾಡಿಲ್ಲ ಅಂದಾಗ ಎತ್ತಿದ್ದೂ ಇದೇ ಪ್ರಶ್ನೆ ಅಲ್ವಾ? ಯೂಜಿನ್ ಕೇಳಿದರೆ ನಿಮಗೆ ರೋಮಾಂಚನ. ನಾವು ಕೇಳಿದರೆ ದೇಶದ್ರೋಹ.

ಈಗ ತಾರೀಖು ನೋಡಿ. ಆ ಸೀರಿಯಲ್ ಶುರುವಾದ 2018ರ ಜುಲೈನಲ್ಲೇ ಹಿಂದಿಯಲ್ಲಿ ‘ಧಡಕ್’ ಬಂತು. ನಾಗರಾಜ ಮಂಜುಳೆಯವರ ‘ಸೈರಾಟ್’ನ ರೀಮೇಕು. ಮೂಲದ ಜೀವವೇ ಜಾತಿ. ರೀಮೇಕಿನಲ್ಲಿ ಅದನ್ನು ಹೆಚ್ಚುಕಮ್ಮಿ ಒರೆಸಿಹಾಕಿದ್ರು. ಅಲ್ಲಿ ಜಾತಿ ಕಳೆದುಹೋಗಿದ್ದು ಸಬ್‌ಟೈಟಲ್‌ನಲ್ಲಿ, ಇಲ್ಲಿ ಸಿನಿಮಾದಲ್ಲೇ.

ಸೀರಿಯಲ್ ಮುಗಿಯೋಕೆ ಎರಡು ವಾರ ಇರುವಾಗ, ಸೆಪ್ಟೆಂಬರ್ 14ರಂದು, ತೆಲಂಗಾಣದ ಮಿರ್ಯಾಲಗೂಡದಲ್ಲಿ ಪ್ರಣಯ್‌ನನ್ನು ಆಸ್ಪತ್ರೆಯ ಹೊರಗೇ ಕಡಿದು ಕೊಂದರು. ಗರ್ಭಿಣಿ ಹೆಂಡತಿ ಜತೆಯಲ್ಲೇ ಇದ್ದಳು. ಅವನು ದಲಿತ, ಅವಳು ಮೇಲ್ಜಾತಿ. ಅವಳ ಅಪ್ಪನೇ ಮುಖ್ಯ ಆರೋಪಿ. ತೀರ್ಪು ಬರೋಕೆ 2025ರ ಮಾರ್ಚ್ ಆಯ್ತು. ತೆಲಂಗಾಣದ ಕಡೆ ಬೆರಳು ತೋರಿಸಿ ನಾವು ಸಾಚಾ ಅನ್ಬೇಡಿ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೆ ಇಬ್ಬರು ಅಪ್ಪಂದಿರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ ಕಲ್ಯಾಣದ ಕಥೆ ಕೇಳಿ ಬೆಳೆದವರು ನಾವು.

‘ಮಿಸ್ಟರ್ ಸನ್‌ಶೈನ್’ ಮೇಲೂ ನನಗೆ ತಕರಾರಿದೆ. ಕೊನೆಗೆ ಯೂಜಿನ್ ಸಾಯ್ತಾನೆ, ದೊಂಗ್-ಮೆ ಸಾಯ್ತಾನೆ. ಏ-ಶಿನ್ ಉಳೀತಾಳೆ. ಯಾಂಗ್‌ಬನ್ ಮನೆಯ ಹೀ-ಸಂಗ್ ಕೂಡ ಸಾಯ್ತಾನೆ, ನಿಜ. ಆದರೆ ಜೀತದವನ ಮಗನ ಪ್ರೀತಿ, ಕಟುಕನ ಮಗನ ಪ್ರೀತಿ ದೊಡ್ಡದು ಅಂತ ನಿಮಗೆ ಮನದಟ್ಟಾಗೋಕೆ ಅವರ ಹೆಣವೇ ಬೀಳಬೇಕಾ? ಅವರಿಗೆ ಸಂಸಾರ ಬೇಡವಾ, ಮಕ್ಕಳು ಬೇಡವಾ, ಮುಪ್ಪು ಬೇಡವಾ? ಆ ಸೀರಿಯಲ್ ಎತ್ತಿದ ಪ್ರಶ್ನೆ ನನ್ನದು. ಅದು ಕೊಟ್ಟ ಕೊನೆ ನನಗೆ ಬೇಡ.

ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ನಮ್ಮ ಸೀರಿಯಲ್‌ಗಳಲ್ಲಿ ವಾರಗಟ್ಟಲೆ ಮದುವೆ ನಡೆಯುತ್ತೆ. ಹುಡುಗನಿಗೆ ಬಡತನ ಇರುತ್ತೆ, ಜಾತಿ ಇರಲ್ಲ. ಬರೆಯುವವರಿಗೆ ನಾನು ಕೇಳೋದು ಇಷ್ಟೇ: ಹುಡುಗ ಯಾವ ಕೇರಿಯವನು ಅಂತ ಹೇಳಿ, ಕೊನೇ ಕಂತಿನಲ್ಲಿ ಅವನನ್ನು ಬದುಕಿಸಿ.

ನೋಡಿ ಅಳುವವರಿಗೂ ಒಂದು ಪ್ರಶ್ನೆ. ನಿಮ್ಮ ಮಗಳು ಒಬ್ಬ ದೊಂಗ್-ಮೆಯನ್ನು ಮನೆಗೆ ಕರ್ಕೊಂಡು ಬಂದ ದಿನ, ಅವನ ಅಪ್ಪನನ್ನು ನೀವು ಯಾವ ವಚನದಲ್ಲಿ ಮಾತಾಡಿಸ್ತೀರಿ?

ಜೈ ಭೀಮ್.