ಉಳಿದ ಇಂಧನ ಎಲ್ಲಿಗೆ ಹೋಯಿತು?

ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಉಪ್ಪಿನಂಗಡಿಯಲ್ಲಿ ಕುಳಿತವನಿಗೆ ಜೆಟ್ ವಿಮಾನದ ಚಿಂತೆಯೇಕೆಂದು ವಾಚಕರು ಕೇಳಬಹುದು. 1951ರಲ್ಲಿ ಬಜಪೆಯ ನಿಲ್ದಾಣ ತೆರೆದಾಗ ವಿಮಾನವೆಂಬುದು ಕೆಲವೇ ಮಂದಿಯ ವೈಭವವಾಗಿತ್ತು. ಇಂದಾದರೋ, ಕೊಲ್ಲಿಯ ನಾಡುಗಳಲ್ಲಿ ದುಡಿಯುವ ನಮ್ಮೂರ ತರುಣರು ಮನೆಗೆ ಬರುವ ದಾರಿಯೇ ಅದು. ಆದುದರಿಂದ ಈ ಚಿಂತೆ ನಮ್ಮದೂ ಹೌದು.

ಯಂತ್ರ ಸುಧಾರಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. 1952ರಲ್ಲಿ ಪ್ರಯಾಣಿಕರ ಸೇವೆಗಿಳಿದ ಮೊದಲ ಜೆಟ್ 'ಕಾಮೆಟ್'. ಅದರ ಎಂಜಿನ್ ತಾನು ಸೆಳೆದ ಗಾಳಿಯನ್ನು ಉರಿಯ ಗರ್ಭದ ಮೂಲಕವೇ ಹಾಯಿಸಿ ಅತಿ ವೇಗದಿಂದ ಹಿಂದಕ್ಕೆ ಚಿಮ್ಮುತ್ತಿತ್ತು. ಇಂದಿನ ಎಂಜಿನ್ನಿನ ಮುಂಭಾಗದಲ್ಲಿ ದೊಡ್ಡದೊಂದು ಬೀಸಣಿಗೆಯುಂಟು. 'ಲೀಪ್' ಎಂಬ ಎಂಜಿನ್ನಿನಲ್ಲಿ ಒಂದು ಪಾಲು ಗಾಳಿ ಗರ್ಭವನ್ನು ಹೊಕ್ಕರೆ ಸುಮಾರು ಹನ್ನೊಂದು ಪಾಲು ಅದರ ಹೊರಬದಿಯಿಂದಲೇ ಸಾಗುತ್ತದೆ. ಸ್ವಲ್ಪ ಗಾಳಿಯನ್ನು ಬಿರುಸಾಗಿ ಚಿಮ್ಮುವುದಕ್ಕಿಂತ ಹೆಚ್ಚು ಗಾಳಿಯನ್ನು ಹದವಾಗಿ ತಳ್ಳುವುದರಲ್ಲಿ ಮಿತವ್ಯಯವಿದೆ. ಈ ಬಗೆಯ ಎಂಜಿನ್ನುಗಳೊಡನೆ 2016ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ನಿಯೋ, ತಯಾರಕರ ಲೆಕ್ಕದಂತೆ, ಹಿಂದಿನ ಎ320ಕ್ಕಿಂತ ಶೇಕಡಾ 15ರಷ್ಟಾದರೂ ಕಡಿಮೆ ಇಂಧನವನ್ನು ಬೇಡುತ್ತದೆ.

ಹಾಗಾದರೆ ಒಟ್ಟು ಇಂಧನ ಉಳಿಯಿತೆ? ನನ್ನ ಅಡಿಕೆ ತೋಟದ ಅನುಭವವೊಂದನ್ನು ಹೇಳುತ್ತೇನೆ. ಕಣಿಯಲ್ಲಿ ನೀರು ಬಿಡುವುದನ್ನು ನಿಲ್ಲಿಸಿ ಹನಿ ನೀರಾವರಿ ಹಾಕಿಸಿದಾಗ ಕೆರೆಯಲ್ಲಿ ನೀರುಳಿಯಿತೆಂದು ಹಿಗ್ಗಿದೆ. ಉಳಿದ ನೀರನ್ನು ಕಂಡು ಗುಡ್ಡದ ಮೇಲೂ ಸಸಿ ನೆಡಿಸಿದೆ. ಈಗ ಏಪ್ರಿಲ್ ಬರುವ ಮುನ್ನವೇ ಕೆರೆಯ ತಳ ಕಾಣುತ್ತದೆ. ತಪ್ಪು ಹನಿಯದಲ್ಲ, ನನ್ನ ಆಸೆಯದು.

ಆಕಾಶದಲ್ಲಿ ನಡೆದುದೂ ಇದೇ. 2013ರಿಂದ 2019ರವರೆಗೆ ಪ್ರತಿ ಪ್ರಯಾಣಿಕನಿಗೆ ತಗಲುವ ಇಂಧನ ಇಳಿಯಿತು. ಆದರೆ ಪ್ರಯಾಣಿಕ ವಿಮಾನಗಳು ಉಗುಳಿದ ಒಟ್ಟು ಇಂಗಾಲ ಸುಮಾರು ಮೂರನೆಯ ಒಂದು ಪಾಲು ಏರಿತು. ಹಾರಾಟದ ಬೆಳವಣಿಗೆ ಮಿತವ್ಯಯವನ್ನು ನುಂಗಿತು. 2023ರ ಜೂನ್‌ನಲ್ಲಿ ಇಂಡಿಗೋ ಸಂಸ್ಥೆಯೊಂದೇ 500 ಹೊಸ ಏರ್‌ಬಸ್‌ಗಳಿಗೆ ಬೇಡಿಕೆ ಸಲ್ಲಿಸಿತು.

ಹಾರಬೇಡಿರೆಂದು ನಾನು ಹೇಳುವುದಿಲ್ಲ. ದುಬಾಯಿಯಲ್ಲಿ ದುಡಿಯುವವನು ತಾಯಿಯ ಮುಖ ನೋಡಲು ಬೇರೆ ದಾರಿಯಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗಾದರೋ ರೈಲು ಉಂಟು. ಯಾವ ಪ್ರಯಾಣ ಅಗತ್ಯ, ಯಾವುದು ಬರಿಯ ಅವಸರ ಎಂಬ ವಿವೇಕವನ್ನು ಎಂಜಿನಿಯರರು ನಮಗೆ ತಯಾರಿಸಿ ಕೊಡಲಾರರು. ಅವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ನಮ್ಮ ಪಾಲಿನದು ಬಾಕಿಯಿದೆ. ಈ ವರ್ಷ ಗುಡ್ಡದ ತೋಟವನ್ನು ಇನ್ನೂ ಮೇಲಕ್ಕೆ ಏರಿಸುವುದಿಲ್ಲವೆಂದು ನಾನಂತೂ ನಿಶ್ಚಯಿಸಿದ್ದೇನೆ.