ಬಡವನ ಮನೆಗೆ ನಕ್ಷೆಯಲ್ಲಿ ಜಾಗವೆಲ್ಲಿ?

‘ಶಿಕಾರಿಪುರ, ಸೊರಬದಂಥ ಸಣ್ಣ ಊರುಗಳಿಗೆ ನಗರ ಯೋಜನೆ ಏಕೆ? ಅದು ಬೆಂಗಳೂರಿನವರ ಚಿಂತೆ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಉಳ್ಳವರಿಗೆ ಈ ಮಾತು ಅನುಕೂಲ, ಇಲ್ಲದವರಿಗೆ ಮಾರಕ. ಯೋಜನೆಯಿಲ್ಲದ ಊರೂ ಬೆಳೆಯುತ್ತದೆ. ಆದರೆ ಹಣವಿದ್ದವನು ಎಳೆದ ಗೆರೆಯಂತೆ ಬೆಳೆಯುತ್ತದೆ. ಗದ್ದೆ ಬಡಾವಣೆಯಾಗುತ್ತದೆ, ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗುತ್ತದೆ, ಕೂಲಿಯವನ ಪಾಲಿಗೆ ಊರಾಚೆಯ ಗುಡ್ಡ ಉಳಿಯುತ್ತದೆ.

ನಮ್ಮ ಸೀಮೆಗೆ ಇದು ಶೋಭೆಯಲ್ಲ. ಐದನೆಯ ಶತಮಾನದಲ್ಲಿ ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಸ್ಮರಿಸುತ್ತದೆ. ಬಳ್ಳಿಗಾವಿಯ ಕೋಡಿಯ ಮಠವು ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ತಾಣವೆಂದು 1162ರ ಶಾಸನ ಸಾರುತ್ತದೆ. ಈಚಿನ ಕಾಲಕ್ಕೆ ಬಂದರೆ, ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಆಶ್ರಯ ವಸತಿ ಯೋಜನೆ ಜಾರಿಗೆ ಬಂದಿತು. ಶಿಕಾರಿಪುರ ಪುರಸಭೆಯ ಸದಸ್ಯರಾಗಿದ್ದ ಬಿ.ಎಸ್. ಯಡಿಯೂರಪ್ಪನವರೂ ಮುಖ್ಯಮಂತ್ರಿಗಳಾದರು. ಅಧಿಕಾರ ನಮ್ಮಿಂದ ದೂರವಿತ್ತೆಂಬ ನೆಪ ನಮಗಿಲ್ಲ.

ಕಾನೂನಿನ ಬಲವೂ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸಿ, ವಾಸಕ್ಕೆ, ವ್ಯಾಪಾರಕ್ಕೆ, ಕೃಷಿಗೆ, ಉದ್ಯಾನಕ್ಕೆ ಯಾವ ಭೂಮಿಯೆಂದು ಗುರುತಿಸಬೇಕು. ಅದನ್ನು ಪ್ರಕಟಿಸಿ 60 ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯ ಸಲ್ಲಿಸಲು ಅವಕಾಶ ಕೊಡಬೇಕು. ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ಬಡವರ ವಸತಿಗೆ ಭೂಮಿಯನ್ನು ಮೊದಲೇ ಕಾದಿರಿಸಲು ಇದಕ್ಕಿಂತ ಸರಳವಾದ ಮಾರ್ಗ ಯಾವುದು?

ಮೊದಲೇ ಎನ್ನುವುದಕ್ಕೆ ಕಾರಣವಿದೆ. 2015ರಲ್ಲಿ ಆರಂಭವಾದ ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಸಹಾಯಧನವನ್ನು ಇಡಲಾಯಿತು. ಆದರೆ ಅವನಿಗೆ ಸ್ವಂತ ನಿವೇಶನವಿರಬೇಕು. ಅದೇ ಇಲ್ಲದವನು ಅರ್ಜಿ ಹಿಡಿದು ಎಲ್ಲಿ ನಿಲ್ಲಬೇಕು? ಪೇಟೆಯ ಭೂಮಿಯೆಲ್ಲ ಮಾರಾಟವಾದ ಮೇಲೆ ಸರ್ಕಾರವೂ ದೂರದ ಜಾಗವನ್ನೇ ಹುಡುಕಬೇಕಾಗುತ್ತದೆ.

‘ಮನೆ ಕೊಟ್ಟರಾಯಿತು, ಎಲ್ಲಿದ್ದರೇನು?’ ಎನ್ನುವವರಿದ್ದಾರೆ. ನಸುಕಿನಲ್ಲಿ ಪೇಟೆಯ ಹೋಟೆಲಿಗೆ ಪಾತ್ರೆ ತೊಳೆಯಲು ಬರುವ ತಾಯಿಯನ್ನು ಕೇಳಿರಿ. ಮನೆ ದೂರವಾದಷ್ಟೂ ಅವಳ ಕೂಲಿ ಕರಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ. ಕೆಲಸವಿಲ್ಲದ ಕಡೆ ಕೊಟ್ಟ ಮನೆಗೆ ಕೊನೆಗೆ ಬೀಗ ಬೀಳುತ್ತದೆ.

ಪ್ರಿಯ ಓದುಗರೇ, ಹೊಸ ಬಡಾವಣೆಗಳಲ್ಲಿ ನಿವೇಶನ ಕೊಂಡವರು ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ. ಸ್ವಂತ ಮನೆಯ ಆಸೆ ತಪ್ಪಲ್ಲ. ಆದರೆ ಮನೆಯಾದೊಡನೆ ಊರಿನ ಹೊಣೆ ಮುಗಿಯಿತೆಂದು ಬಾಗಿಲು ಹಾಕಿಕೊಳ್ಳುವುದು ತಪ್ಪು. ಮಹಾಯೋಜನೆಯ ಪ್ರಕಟಣೆ ಹೊರಟಾಗ ಹೋಗಿ ನಕ್ಷೆಯನ್ನು ನೋಡಿರಿ. ಕೆರೆಯ ಅಂಗಳ ಸುರಕ್ಷಿತವಾಗಿದೆಯೇ, ನಿವೇಶನರಹಿತರಿಗೆ ಊರೊಳಗೆ ಭೂಮಿ ಇದೆಯೇ ಎಂದು ಪರೀಕ್ಷಿಸಿರಿ. ಇಲ್ಲವಾದರೆ ಆ 60 ದಿನಗಳೊಳಗೆ ನಿಮ್ಮ ಆಕ್ಷೇಪಣೆಯನ್ನು ಬರೆದು ಸಲ್ಲಿಸಿರಿ.