ಅಂಗಡಿಯ ಲೈಟ್ ಬಿಲ್ಲು: ಉಳಿಸುವುದೋ, ಮಾಳಿಗೆ ಮೇಲೆ ಬೆಳೆಯುವುದೋ

ಕೂಡಗಿಯ ಎನ್‌ಟಿಪಿಸಿ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್. ಆಲಮಟ್ಟಿಯಲ್ಲಿ ಇನ್ನೊಂದು 290 ಮೆಗಾವ್ಯಾಟ್ ಜಲವಿದ್ಯುತ್ತಿದೆ. ಇಷ್ಟು ಕರೆಂಟು ಹುಟ್ಟುವ ವಿಜಯಪುರ ಜಿಲ್ಲೆಯಲ್ಲೂ ಸಣ್ಣ ಅಂಗಡಿಯವರಿಗೆ ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ಲು ಭಾರವೇ. 2023ರ ಜುಲೈನಲ್ಲಿ ಶುರುವಾದ ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಪುಕ್ಕಟೆ ಕರೆಂಟು ಮನೆಗಳಿಗೆ ಮಾತ್ರ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಗರಿಷ್ಠ 78,000 ರೂಪಾಯಿ ಸಹಾಯಧನವೂ ಮನೆಗಳಿಗೇ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟವರೂ ಅಂಗಡಿಯ ಮೀಟರಿಗೆ ವಾಣಿಜ್ಯ ದರವನ್ನೇ ಕಟ್ಟಬೇಕು.

ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅದನ್ನು ಎಲ್ಲಿ ಹಾಕಬೇಕು ಎನ್ನುವ ಪ್ರಶ್ನೆ ಏಳುತ್ತದೆ. ಇರುವ ಫ್ಯಾನು, ದೀಪ, ಫ್ರಿಜ್ಜು ಬದಲಿಸಿ ಖರ್ಚು ಇಳಿಸಿಕೊಳ್ಳಿ ಎನ್ನುವವರು ಒಂದು ಕಡೆ. ಇಂಡಿ ಸೀಮೆಯ ಬಿಸಿಲು ಪುಕ್ಕಟೆ ಸಿಗುವಾಗ ಸೋಲಾರ್ ಹಾಕಿಸಿ ಎನ್ನುವವರು ಇನ್ನೊಂದು ಕಡೆ.

ಉಳಿತಾಯದವರ ಲೆಕ್ಕ ಸಣ್ಣದು, ಆದರೆ ಗಟ್ಟಿ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ದಿನಕ್ಕೆ ಹತ್ತು ತಾಸು ತಿರುಗಿದರೆ ಅರ್ಧ ಯೂನಿಟ್‌ಗೆ ತುಸು ಕಡಿಮೆ ಉಳಿಯಿತು. ಎರಡೂವರೆ, ಮೂರು ಸಾವಿರ ಕೊಟ್ಟು ತಂದ ಫ್ಯಾನಿನ ದುಡ್ಡು ತಿರುಗಿ ಬರಲು ಎರಡು-ಮೂರು ವರ್ಷ ಬೇಕು. ನೆಟ್ಟಗೆ ತಿರುಗುತ್ತಿರುವ ಫ್ಯಾನನ್ನು ಕಿತ್ತು ಹಾಕಬೇಕಿಲ್ಲ, ಅದು ಕೆಟ್ಟಾಗ ಬದಲಿಸಿದರೆ ಸಾಕು ಎಂದು ನನಗನಿಸುತ್ತದೆ.

ಹೆಚ್ಚಿನ ಅಂಗಡಿಗಳಲ್ಲಿ ಬಿಲ್ಲು ಏರಿಸುವುದು ಫ್ಯಾನಲ್ಲ, ಗಾಜಿನ ಬಾಗಿಲಿನ ಫ್ರಿಜ್ಜು. ತಂಪು ಪಾನೀಯದ ಕಂಪನಿಯವರು ಅದನ್ನು ಪುಕ್ಕಟೆ ಇಟ್ಟು ಹೋಗುತ್ತಾರೆ, ಕರೆಂಟಿನ ಖರ್ಚು ಮಾತ್ರ ಅಂಗಡಿಯವನದು. ಬೇಸಿಗೆಯಲ್ಲಿ ಅದೊಂದೇ ದಿನಕ್ಕೆ ನಾಲ್ಕೈದು ಯೂನಿಟ್ ತಿನ್ನಬಲ್ಲದು. ಗೋಡೆಗೆ ಅಂಟಿಸಿ ಇಟ್ಟಿದ್ದರೆ, ಸಂಜೆಯ ಬಿಸಿಲು ನೇರ ಬೀಳುತ್ತಿದ್ದರೆ, ಬಾಗಿಲ ರಬ್ಬರು ಹರಿದಿದ್ದರೆ ಇನ್ನೂ ಹೆಚ್ಚು. ಹಿಂದೆ ಒಂದು ಗೇಣು ಜಾಗ ಬಿಟ್ಟು, ನೆರಳಿಗೆ ಸರಿಸಿ, ರಬ್ಬರು ಹಾಕಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಬರೀ ಬಾಟಲಿಗಳಿದ್ದರೆ ರಾತ್ರಿ ಬಂದ್ ಮಾಡಬಹುದು. ಹಾಲು, ಮೊಸರು ಇಟ್ಟಿದ್ದರೆ ಆಗದು. ಪತ್ರಾಸಿನ ಅಂಗಡಿಯಲ್ಲಂತೂ ಮೇಲೆ ಬಿಳಿ ಬಣ್ಣ ಬಳಿಸಿದರೆ ಒಳಗಿನ ಕಾವು ತಗ್ಗುತ್ತದೆ. ಆಗ ಮನುಷ್ಯರಿಗೂ ಫ್ರಿಜ್ಜಿಗೂ ದಗೆ ಕಡಿಮೆ.

ಸೋಲಾರ್ ಪರವಾದ ಮಾತೂ ಹಗುರವಲ್ಲ. ನಮ್ಮ ಕಡೆ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಬೇಕಾಗುವ ಜಾಗ ನೂರು ಚದರ ಅಡಿಯಷ್ಟು. ಅಂಗಡಿಯ ಬಳಕೆ ಹೆಚ್ಚಾಗಿ ಹಗಲಿನದು, ಬಿಸಿಲೂ ಹಗಲಿನದೇ. ಎಷ್ಟು ಜಿಪುಣತನ ಮಾಡಿದರೂ ಫ್ರಿಜ್ಜು, ಝೆರಾಕ್ಸ್ ಯಂತ್ರ, ಇಸ್ತ್ರಿ ಕರೆಂಟು ಬೇಡುವುದು ತಪ್ಪದು. ಫಲಕಗಳು 25 ವರ್ಷದಷ್ಟು ಬಾಳುತ್ತವೆ. ದುಡ್ಡು ಆರೇಳು ವರ್ಷದಲ್ಲಿ ಮರಳಿದರೆ ಮುಂದಿನದೆಲ್ಲ ಗಳಿಕೆಯೇ.

ಆದರೆ ಸೋಲಾರ್ ಮಾರಲು ಬರುವವರು ಮೂರು ಸಂಗತಿಗಳನ್ನು ಒತ್ತಿ ಹೇಳುವುದು ಕಡಿಮೆ. ಬ್ಯಾಟರಿ ಇಲ್ಲದೆ ಹೆಸ್ಕಾಂ ತಂತಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುವುದು, ಅದು ಸರಿಯೇ; ಆದರೆ ಕರೆಂಟು ಹೋದಾಗಲೂ ಫ್ರಿಜ್ಜು ನಡೆಯುತ್ತದೆ ಎಂದು ನಂಬಿ ಹಾಕಿಸಿದವರಿಗೆ ನಿರಾಸೆ ಖಂಡಿತ. ಬಳಸಿ ಮಿಕ್ಕ ಯೂನಿಟ್‌ಗೆ ಹೆಸ್ಕಾಂ ಕೊಡುವ ದರ ನಾವು ಕಟ್ಟುವ ದರಕ್ಕಿಂತ ಬಹಳ ಕಡಿಮೆ, ಆದ್ದರಿಂದ ಬೇಕಾದದ್ದಕ್ಕಿಂತ ದೊಡ್ಡದು ಹಾಕಿಸಿದರೆ ನಷ್ಟ. ಎರಿ ಭೂಮಿಯ ಧೂಳು ಕೂತ ಫಲಕವನ್ನು ಆಗಾಗ ತೊಳೆಯುತ್ತಿರಬೇಕು. ಬೇಸಿಗೆಯ ನೀರಿನ ಅಭಾವದಲ್ಲಿ ಅದೂ ಒಂದು ಕೆಲಸವೇ.

ಹಿಟ್ಟಿನ ಗಿರಣಿಯ ಮಾತೇ ಬೇರೆ. ಅಲ್ಲಿ ಖರ್ಚೆಲ್ಲ ಮೋಟಾರಿನದು. ದೀಪ ಬದಲಿಸಿ ಉಳಿಯುವುದು ಅಷ್ಟಕ್ಕಷ್ಟೆ. ಅದು ಕೈಗಾರಿಕಾ ದರಕ್ಕೆ ಸೇರುವುದರಿಂದ ಯೂನಿಟ್ ಬೆಲೆ ಅಂಗಡಿಗಿಂತ ಕಡಿಮೆ, ಹೀಗಾಗಿ ಸೋಲಾರ್ ದುಡ್ಡು ಮರಳುವುದೂ ತಡ. ಕೆಪ್ಯಾಸಿಟರ್ ಸರಿಯಿದೆಯೇ, ಬೆಲ್ಟ್ ಸಡಿಲವಾಗಿದೆಯೇ, ಕಲ್ಲು ಮೊಂಡಾಗಿದೆಯೇ ಎಂದು ನೋಡಿಕೊಳ್ಳುವುದೇ ಅಲ್ಲಿ ಮೊದಲ ಉಳಿತಾಯ.

ಎರಡೂ ಕಡೆಯವರು ಬಿಟ್ಟುಬಿಡುವ ಇನ್ನೊಂದು ಸಾಲು ಬಿಲ್ಲಿನಲ್ಲೇ ಇದೆ: ನಿಗದಿತ ಶುಲ್ಕ. ಅದು ಮಂಜೂರಾದ ಲೋಡಿನ ಮೇಲೆ, ಪ್ರತಿ ಕಿಲೋವ್ಯಾಟಿಗೆ ಇಷ್ಟೆಂದು ಬೀಳುತ್ತದೆ. ಯೂನಿಟ್ ಉಳಿಸಿದರೂ, ಸೋಲಾರ್ ಹಾಕಿಸಿದರೂ ಅದು ತಾನಾಗಿ ಇಳಿಯದು. ಹಿಂದೆ ಐಸ್‌ಕ್ರೀಮ್ ಯಂತ್ರಕ್ಕೆಂದು ಐದು ಕಿಲೋವ್ಯಾಟ್ ಪಡೆದು, ಈಗ ಎರಡರಲ್ಲೇ ನಡೆಸುತ್ತಿರುವವರು ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೋಡು ಇಳಿಸಿಕೊಳ್ಳಬೇಕು.

ನನ್ನ ಒಲವು ಉಳಿತಾಯದ ಕಡೆಗೇ, ಅದರಲ್ಲೂ ಬಾಡಿಗೆ ಮಳಿಗೆಯವರ ವಿಷಯದಲ್ಲಿ. ಮಳಿಗೆ ಬಿಡುವಾಗ ಫ್ಯಾನು ಬಿಚ್ಚಿಕೊಂಡು ಹೋಗಬಹುದು, ಮಾಲೀಕರ ಮಾಳಿಗೆ ಮೇಲೆ ಲಕ್ಷ ರೂಪಾಯಿ ಹಾಕಿ ಹೋಗಲಾಗದು. ಸ್ವಂತ ಕಟ್ಟಡವಿದ್ದು, ತಿಂಗಳಿಗೆ ಮುನ್ನೂರು ಯೂನಿಟ್‌ಗೂ ಮೇಲೆ ಉರಿಸುವ ಬೇಕರಿ, ಹೋಟೆಲಿನವರು ಮಾತ್ರ ಇಷ್ಟೆಲ್ಲ ಸರಿಪಡಿಸಿಕೊಂಡ ಮೇಲೆ ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸೋಲಾರಿನವರನ್ನು ಕರೆಸಲಿ. ಬಳಕೆ ಇಳಿದ ಮೇಲೆ ಕೊಳ್ಳಬೇಕಾದ ಫಲಕವೂ ಚಿಕ್ಕದಾಗುತ್ತದೆ.